‘ಎಲ್ಲವೂ ಅಲ್ಲ’ ಅಂದರೆ ಎಷ್ಟು? ಐದು ಪೇಟೆಗಳ ಚಾಲಿ ದರ ಮತ್ತು ಪ್ಯಾನೆಲ್ ಯೂನಿಟ್ ರೂಟ್ ಪರೀಕ್ಷೆ

ಅಡಿಕೆ ದರದ ಮೇಲೆ ಥೀಸಿಸ್ ಮಾಡುವವರ ಕರಡುಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಸಿಗುತ್ತದೆ. ‘ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ ಬಂದಿದೆ. ಆದ್ದರಿಂದ ಐದೂ ಮಾರುಕಟ್ಟೆಗಳ ದರ ಸ್ಟೇಷನರಿ.’ ಮೊದಲ ವಾಕ್ಯ ಸರಿ. ಎರಡನೆಯದಕ್ಕೆ ಆಧಾರವೇ ಇಲ್ಲ. ಸಾಫ್ಟ್‌ವೇರ್ ಹಾಗೆ ಹೇಳಿಯೂ ಇರುವುದಿಲ್ಲ. ಶೂನ್ಯ ಊಹೆ (ಪರೀಕ್ಷೆ ಮೊದಲಿಗೆ ನಿಜ ಅಂತ ಹಿಡಿದು ಹೊರಡುವ ಮಾತು) ಏನು, ಪರ್ಯಾಯ ಊಹೆ (ಅದು ಬಿದ್ದರೆ ಅದರ ಜಾಗಕ್ಕೆ ಬರುವ ಮಾತು) ಏನು ಅಂತ ಫಲಿತಾಂಶದ ತಲೆಯ ಮೇಲೆಯೇ ಎರಡು ಸಾಲು ಬರೆದು ಕೊಟ್ಟಿರುತ್ತದೆ. ನಾವು ಆ ಎರಡು ಸಾಲು ಬಿಟ್ಟು ಸೀದಾ ಕೆಳಗಿನ ಪಿ-ವ್ಯಾಲ್ಯೂಗೆ ಹೋಗಿಬಿಡುತ್ತೇವೆ. (ಶೂನ್ಯ ಊಹೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ವಿಪರೀತ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಅನ್ನುವುದೇ ಪಿ-ವ್ಯಾಲ್ಯೂ. ಅದು 0.05ಕ್ಕಿಂತ ಕಡಿಮೆ ಇದ್ದರೆ ಶೂನ್ಯ ಊಹೆಯನ್ನು ತಳ್ಳಿಹಾಕುವುದು ರೂಢಿ.)

ಈ ಲೇಖನ ಆ ಎರಡು ಸಾಲುಗಳ ಬಗ್ಗೆ. ಆದರೆ ಅದಕ್ಕೂ ಮೊದಲು ಸ್ಟೇಷನರಿ ಅಂದರೇನು, ಯೂನಿಟ್ ರೂಟ್ ಅಂದರೇನು ಅಂತ ಸ್ವಲ್ಪ ನೋಡಬೇಕು.

ಶಿರಸಿ ಕಡೆ ತೋಟ ಇದ್ದವರಿಗೆ ಈ ಪ್ರಶ್ನೆ ಹೊಸದೇನಲ್ಲ. ಚಾಲಿ (ಬಿಸಿಲಿಗೆ ಒಣಗಿಸಿದ ಬಿಳಿ ಅಡಿಕೆ) ಸುಲಿದು, ಆರಿಸಿ, ಚೀಲ ಕಟ್ಟಿ ಇಟ್ಟಾಗಿದೆ. ಅಷ್ಟರಲ್ಲಿ ರೇಟು ಕ್ವಿಂಟಲ್‌ಗೆ ಐದು ಸಾವಿರ ಬಿತ್ತು. ಕೊಡುವುದೋ, ಇಡುವುದೋ? ‘ಮತ್ತೆ ಮೇಲೆ ಬತ್ತು ಮಾರಾಯಾ, ಗಡಿಬಿಡಿ ಮಾಡಡ’ ಅಂತ ಒಬ್ಬರು. ಇನ್ನು ಇದೇ ರೇಟು, ಕೊಟ್ಟು ಕೈ ತೊಳೆದುಕೊಳ್ಳುವುದೇ ಲೇಸು ಅಂತ ಇನ್ನೊಬ್ಬರು. ಮೊದಲಿನವರು ದರಕ್ಕೆ ಒಂದು ಮಾಮೂಲಿ ಮಟ್ಟ ಇದೆ, ಪೆಟ್ಟು ಬಿದ್ದರೂ ಕ್ರಮೇಣ ಅಲ್ಲಿಗೇ ಬರುತ್ತದೆ ಅನ್ನುತ್ತಿದ್ದಾರೆ. ಅಂಥ ದರ ಸ್ಟೇಷನರಿ. ಎರಡನೆಯವರ ಪ್ರಕಾರ ಮಾಮೂಲಿ ಮಟ್ಟ ಅನ್ನುವುದೇ ಇಲ್ಲ. ಬಿದ್ದ ಜಾಗದಿಂದಲೇ ಮುಂದಿನ ನಡಿಗೆ. ಅಂಥ ದರದಲ್ಲಿ ಯೂನಿಟ್ ರೂಟ್ ಇದೆ.

ಇದನ್ನು ಲೆಕ್ಕಕ್ಕೆ ತರುವುದು ಸುಲಭ. ಈ ತಿಂಗಳ ದರ ಮಾಮೂಲಿ ಮಟ್ಟದಿಂದ ಎಷ್ಟು ದೂರ ಇದೆ ಅನ್ನುವುದು, ಹೋದ ತಿಂಗಳ ದೂರದ ಒಂದು ಪಾಲು ಮತ್ತು ಈ ತಿಂಗಳ ಹೊಸ ಪೆಟ್ಟು ಸೇರಿ ಆಗುತ್ತದೆ. ಆ ಪಾಲಿಗೆ ‘ರೋ’ ಅನ್ನೋಣ. ರೋ 0.9 ಇದ್ದರೆ, ಐದು ಸಾವಿರದ ಕುಸಿತ ಒಂದು ತಿಂಗಳ ನಂತರ 4,500 ಆಗಿ ಉಳಿಯುತ್ತದೆ. ಎರಡು ತಿಂಗಳಿಗೆ 4,050. ಆರು ತಿಂಗಳಿಗೆ ಸುಮಾರು 2,657. ವರ್ಷ ಕಳೆಯುವಾಗ 1,412. ಕಾದವರಿಗೆ ಲಾಭ ಇದೆ. ರೋ ಸರಿಯಾಗಿ 1 ಆದರೆ ಐದು ಸಾವಿರ ಐದು ಸಾವಿರವೇ. ವರ್ಷವಲ್ಲ, ಹತ್ತು ವರ್ಷ ಕಾದರೂ ಆ ಕುಸಿತ ತಾನಾಗಿ ಕರಗುವುದಿಲ್ಲ. ಹೊಸ ಏರಿಕೆ ಬಂದರೆ ಅದು ಬೇರೆ ಅದೃಷ್ಟ.

ಸಂಶೋಧಕರಿಗೆ ಇದರಲ್ಲಿ ಇನ್ನೊಂದು ತಲೆನೋವು ಇದೆ. ಯೂನಿಟ್ ರೂಟ್ ಇರುವ ಎರಡು ಸರಣಿಗಳನ್ನು ಹಾಗೇ ತಂದು ರಿಗ್ರೆಷನ್‌ಗೆ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕಕ್ಕೆ) ಹಾಕಿದರೆ, ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೂ ಭಾರೀ ಸಂಬಂಧ ಇದ್ದಂತೆ ಕಾಣುತ್ತದೆ. ಗ್ರೇಂಜರ್ ಮತ್ತು ನ್ಯೂಬೋಲ್ಡ್ 1974ರಲ್ಲೇ ಇದನ್ನು ತೋರಿಸಿಕೊಟ್ಟರು. ಹಾಗಾಗಿ ರಿಗ್ರೆಷನ್‌ಗೆ ಮುಂಚೆ ಈ ಪರೀಕ್ಷೆ ಮಾಡುವುದು ರೂಢಿ.

ಒಂದೇ ಸರಣಿಗೆ ಮಾಡುವ ಪರೀಕ್ಷೆಯನ್ನು ಡಿಕಿ ಮತ್ತು ಫುಲ್ಲರ್ 1979ರಲ್ಲಿ ಕೊಟ್ಟರು. ಅದರ ಶೂನ್ಯ ಊಹೆ: ಯೂನಿಟ್ ರೂಟ್ ಇದೆ. ಪರ್ಯಾಯ ಊಹೆ: ಇಲ್ಲ, ಸ್ಟೇಷನರಿ. ಇಲ್ಲಿ ಟಿ-ಸಂಖ್ಯೆ (ಅಂದಾಜನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದ್ದು) ಬಂದರೂ ಮಾಮೂಲಿ ಟಿ-ಟೇಬಲ್ ನಡೆಯುವುದಿಲ್ಲ. ದೊಡ್ಡ ಸ್ಯಾಂಪಲ್‌ನಲ್ಲಿ ಒಂದು ಬದಿಯ 5 ಪರ್ಸೆಂಟ್ ಗಡಿ ಸಾಮಾನ್ಯವಾಗಿ −1.645, ಅದಕ್ಕಿಂತ ಕೆಳಗಿಳಿದರೆ ಶೂನ್ಯ ಊಹೆ ಬೀಳುತ್ತದೆ. ಈ ಪರೀಕ್ಷೆಯಲ್ಲಿ ಇಂಟರ್ಸೆಪ್ಟ್ (ಮಾಮೂಲಿ ಮಟ್ಟಕ್ಕೆ ಜಾಗ) ಇದ್ದರೆ ಆ ಗಡಿ −2.86, ಟ್ರೆಂಡ್ (ಕಾಲದ ಜೊತೆ ಸಾಗುವ ಗೆರೆ) ಕೂಡ ಹಾಕಿದರೆ −3.41. ಅಂದರೆ ‘ಯೂನಿಟ್ ರೂಟ್ ಇಲ್ಲ’ ಅಂತ ಹೇಳಿಸಬೇಕಾದರೆ ಡೇಟಾ ಜಾಸ್ತಿ ಗಟ್ಟಿಯಾಗಿ ಮಾತಾಡಬೇಕು.

ಡೇಟಾ ಅಷ್ಟು ಗಟ್ಟಿಯಾಗಿ ಮಾತಾಡುವುದು ಕಡಿಮೆ. ನೆಲ್ಸನ್ ಮತ್ತು ಪ್ಲಾಸರ್ 1982ರಲ್ಲಿ ಅಮೆರಿಕದ 14 ಆರ್ಥಿಕ ಸರಣಿಗಳನ್ನು ಹೀಗೆ ಪರೀಕ್ಷಿಸಿದಾಗ, 13ರಲ್ಲಿ ಯೂನಿಟ್ ರೂಟನ್ನು ತಳ್ಳಿಹಾಕಲು ಆಗಲಿಲ್ಲ. ನಿರುದ್ಯೋಗ ದರ ಒಂದೇ ಹೊರಗುಳಿಯಿತು. ಉಳಿದ 13ರಲ್ಲೂ ನಿಜವಾಗಿ ಯೂನಿಟ್ ರೂಟ್ ಇತ್ತೇ, ಅಥವಾ ಪರೀಕ್ಷೆಗೆ ಶಕ್ತಿ ಸಾಲಲಿಲ್ಲವೇ? ಈ ಅನುಮಾನ ಅಂದಿನಿಂದ ಇಂದಿನವರೆಗೂ ಹೋಗಿಲ್ಲ. ನಮ್ಮ ಚಾಲಿಯಲ್ಲೇ ನೋಡಿ. ರೋ 0.97 ಅಂತ ಇಟ್ಟುಕೊಳ್ಳಿ. ಕುಸಿತದ ಅರ್ಧ ಕರಗಲು ಹತ್ತಿರ ಹತ್ತಿರ 23 ತಿಂಗಳು ಬೇಕು. ನಮ್ಮ ಕೈಯಲ್ಲಿರುವುದು ಐದು ವರ್ಷದ, ಅಂದರೆ 60 ತಿಂಗಳ ಲೆಕ್ಕ. ಅಷ್ಟರಲ್ಲಿ 0.97 ಯಾವುದು, 1 ಯಾವುದು ಅಂತ ಹೇಳು ಅಂದರೆ ಯಾವ ಪರೀಕ್ಷೆಗೂ ಕಷ್ಟವೇ.

ಹಾಗಾಗಿ ಹುಟ್ಟಿದ್ದು ಪ್ಯಾನೆಲ್ ಉಪಾಯ, ಅಂದರೆ ಹಲವು ಸರಣಿಗಳನ್ನು ಒಟ್ಟಿಗೆ ಇಟ್ಟು ಪರೀಕ್ಷಿಸುವುದು. ಶಿರಸಿ ಒಂದೇ ಯಾಕೆ? ಸಿದ್ದಾಪುರ, ಯಲ್ಲಾಪುರ, ಘಟ್ಟದ ಕೆಳಗಿನ ಕುಮಟಾ, ಹೊನ್ನಾವರ, ಎಲ್ಲ ಪೇಟೆ ಧಾರಣೆಯನ್ನೂ ಸೇರಿಸಿ. ಐದು ಪೇಟೆ, 60 ತಿಂಗಳು, ಒಟ್ಟು 300 ಸಂಖ್ಯೆ. ಕಾಲ ಉದ್ದ ಮಾಡಲು ಆಗದಿದ್ದರೆ ಅಗಲ ಮಾಡಿಕೊಳ್ಳಿ ಅನ್ನುವ ಯೋಚನೆ. ಯೋಚನೆ ಚೆನ್ನಾಗಿದೆ. ಆದರೆ ಅಗಲ ಮಾಡಿದ ಕ್ಷಣವೇ ಊಹೆಗಳ ರೂಪ ಬದಲಾಗುತ್ತದೆ.

ಎಲ್ಲವೂ, ಕೆಲವು, ಕನಿಷ್ಠ ಒಂದು

ಒಂದೇ ಸರಣಿ ಇದ್ದಾಗ ಎರಡೇ ಸಾಧ್ಯತೆ. ಇದೆ, ಇಲ್ಲವೇ ಇಲ್ಲ. ಒಂದು ಬಿದ್ದರೆ ಇನ್ನೊಂದು ನಿಂತಿತು. ಐದು ಪೇಟೆ ಆದಾಗ ಆರು ಸಾಧ್ಯತೆ: ಸೊನ್ನೆ ಪೇಟೆ ಸ್ಟೇಷನರಿ, ಒಂದು, ಎರಡು, ಹೀಗೆ ಐದರವರೆಗೆ. ಯಾವ ಯಾವ ಪೇಟೆ ಅಂತ ಬಿಡಿಸಿ ನೋಡಿದರೆ 32 ಬಗೆ. ಅದರಲ್ಲಿ ಶೂನ್ಯ ಊಹೆ ಹಿಡಿದಿರುವುದು ಒಂದೇ ಒಂದು ಬಗೆಯನ್ನು: ಐದರಲ್ಲೂ ಯೂನಿಟ್ ರೂಟ್ ಇದೆ. ಅದು ಬಿದ್ದರೆ ಉಳಿಯುವುದು 31 ಬಗೆ. ‘ಐದೂ ಸ್ಟೇಷನರಿ’ ಅನ್ನುವುದು ಆ 31ರಲ್ಲಿ ಒಂದು ಮಾತ್ರ.

ಪರೀಕ್ಷೆಗಳ ನಡುವೆ ಇಲ್ಲೇ ವ್ಯತ್ಯಾಸ ಶುರುವಾಗುವುದು. ಲೆವಿನ್ ಮತ್ತು ಲಿನ್ 1992ರಲ್ಲಿ ಹಸ್ತಪ್ರತಿಯಾಗಿ ಹಂಚಿದ, 2002ರಲ್ಲಿ ಚೂ ಅವರೂ ಸೇರಿ ಅಚ್ಚಾದ ಪರೀಕ್ಷೆ ಇದೆಯಲ್ಲ, ಎಲ್‌ಎಲ್‌ಸಿ ಅಂತ ಎಲ್ಲರೂ ಕರೆಯುವುದು, ಅದು ಐದೂ ಪೇಟೆಗೆ ಒಂದೇ ರೋ ಅಂತ ಹಿಡಿಯುತ್ತದೆ. ಅದರ ಪರ್ಯಾಯ ಊಹೆ: ಎಲ್ಲವೂ ಸ್ಟೇಷನರಿ, ಅದೂ ಒಂದೇ ವೇಗದಲ್ಲಿ. ಅನ್ನ ಬೆಂದಿದೆಯಾ ನೋಡಲು ಒಂದಗುಳು ಹಿಚುಕಿದರೆ ಸಾಕು ಅನ್ನುತ್ತೇವಲ್ಲ, ಆ ತರ್ಕ. ಪಾತ್ರೆ ಒಂದೇ ಆಗಿದ್ದರೆ ತರ್ಕ ಸರಿ. ಐದು ಒಲೆಯ ಮೇಲೆ ಐದು ಪಾತ್ರೆ ಇದ್ದರೆ? ಘಟ್ಟದ ಮೇಲಿನ ಪೇಟೆಗೂ ಕುಮಟಾ ಪೇಟೆಗೂ ಬರುವ ಮಾಲು ಬೇರೆ, ಕೊಳ್ಳುವವರು ಎಲ್ಲರೂ ಒಬ್ಬರೇ ಅಲ್ಲ. ಎರಡೂ ಕಡೆ ಪೆಟ್ಟು ಒಂದೇ ವೇಗದಲ್ಲಿ ಕರಗಬೇಕು ಅನ್ನುವುದಕ್ಕೆ ಕಾರಣ ಏನಿದೆ?

ಇಮ್, ಪೆಸರಾನ್ ಮತ್ತು ಶಿನ್ ಈ ಹಟವನ್ನು ಸಡಿಲ ಮಾಡಿದರು. 2003ರಲ್ಲಿ ಅಚ್ಚಾದ ಅವರ ಐಪಿಎಸ್ ಪರೀಕ್ಷೆ ಪ್ರತಿ ಪೇಟೆಗೂ ಬೇರೆ ಬೇರೆ ಡಿಕಿ-ಫುಲ್ಲರ್ ಟಿ-ಸಂಖ್ಯೆ ತೆಗೆದು ಸರಾಸರಿ ಮಾಡುತ್ತದೆ. ಶೂನ್ಯ ಊಹೆ ಅದೇ, ಎಲ್ಲದರಲ್ಲೂ ಯೂನಿಟ್ ರೂಟ್ ಇದೆ. ಪರ್ಯಾಯ ಊಹೆ ಮಾತ್ರ ಬೇರೆ: ಕೆಲವು ಸ್ಟೇಷನರಿ, ಉಳಿದವು ಅಲ್ಲದಿರಬಹುದು. ಎಷ್ಟು ಕೆಲವು? ಪೇಟೆಗಳ ಸಂಖ್ಯೆ ಬೆಳೆದ ಹಾಗೆ ಆ ‘ಕೆಲವು’ ಕೂಡ ಒಂದು ಪಾಲಾಗಿ ಉಳಿಯಬೇಕು, ಸೊನ್ನೆಗೆ ಕುಗ್ಗಬಾರದು ಅಂತ ಷರತ್ತು ಇದೆ. ಪಾಲು ಹತ್ತರಲ್ಲಿ ಒಂದೋ, ಹತ್ತರಲ್ಲಿ ಒಂಬತ್ತೋ, ಪರೀಕ್ಷೆ ಹೇಳುವುದಿಲ್ಲ.

ಇನ್ನೊಂದು ದಾರಿ ಮದ್ದಾಲ ಮತ್ತು ವೂ ಅವರದ್ದು, 1999. ಮದ್ದಾಲ ಅವರು ಆಂಧ್ರ ವಿಶ್ವವಿದ್ಯಾಲಯದಲ್ಲಿ ಓದಿ, ಶಿಕಾಗೋದಲ್ಲಿ ಪಿಎಚ್‌ಡಿ ಮಾಡಿದವರು. ಇಕನಾಮೆಟ್ರಿಕ್ಸ್ ಓದಿದವರಿಗೆ ಅವರ ಪಠ್ಯಪುಸ್ತಕ ಪರಿಚಯ ಇದ್ದೇ ಇರುತ್ತದೆ. ಸಂಖ್ಯಾಶಾಸ್ತ್ರಜ್ಞ ಫಿಶರ್ 1932ರಲ್ಲಿ ಹೇಳಿದ್ದ ಹಳೇ ಉಪಾಯವನ್ನೇ ಅವರು ಇಲ್ಲಿಗೆ ತಂದರು. ಪ್ರತಿ ಪೇಟೆಯ ಪಿ-ವ್ಯಾಲ್ಯೂ ತೆಗೆದುಕೊಳ್ಳಿ, ನೈಸರ್ಗಿಕ ಲಾಗ್ (ln) ಮಾಡಿ ಕೂಡಿಸಿ, −2ರಿಂದ ಗುಣಿಸಿ. ಬರುವ ಸಂಖ್ಯೆಯನ್ನು ಕೈ-ಸ್ಕ್ವೇರ್ ಟೇಬಲ್‌ನಲ್ಲಿ ನೋಡಿ. ಚೋಯ್ 2001ರಲ್ಲಿ ಇದನ್ನು ಇನ್ನಷ್ಟು ಬೆಳೆಸಿದರು. ಸ್ಟೇಟಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ಈ ಪರೀಕ್ಷೆ ಓಡಿಸಿದರೆ ಪರ್ಯಾಯ ಊಹೆಯ ಸಾಲು ಮುಚ್ಚುಮರೆ ಇಲ್ಲದೆ ಹೇಳುತ್ತದೆ: ಕನಿಷ್ಠ ಒಂದು ಸ್ಟೇಷನರಿ. ನನಗೆ ಇದೇ ಪ್ರಾಮಾಣಿಕ ಅನ್ನಿಸುತ್ತದೆ. ಪೆನ್ಸಿಲ್ ಹಿಡಿದು ಲೆಕ್ಕ ಮಾಡಲೂ ಬರುತ್ತದೆ.

ಮಾಡಿಯೇ ನೋಡೋಣ. ಈ ಸಂಖ್ಯೆಗಳು ಯಾವ ಮಾರ್ಕೆಟ್ಟಿನ ನಿಜ ಲೆಕ್ಕವೂ ಅಲ್ಲ, ತೋರಿಸಲು ನಾನೇ ಇಟ್ಟಿದ್ದು. ಹೊನ್ನಾವರದ ಪಿ-ವ್ಯಾಲ್ಯೂ 0.001. ಶಿರಸಿ 0.4, ಸಿದ್ದಾಪುರ 0.5, ಯಲ್ಲಾಪುರ 0.6, ಕುಮಟಾ 0.7. ನಾಲ್ಕು ಪೇಟೆಯಲ್ಲಿ ಸ್ಟೇಷನರಿ ಅನ್ನಲು ಚೂರೂ ಪುರಾವೆ ಇಲ್ಲ. ಲಾಗ್ ತೆಗೆದು ಕೂಡಿಸಿ −2ರಿಂದ ಗುಣಿಸಿದರೆ 18.77. ಟೇಬಲ್‌ನ ಯಾವ ಸಾಲು ನೋಡಬೇಕು ಅಂತ ಹೇಳುವ ಕೈ-ಸ್ಕ್ವೇರ್ ಡಿಗ್ರೀಸ್ ಆಫ್ ಫ್ರೀಡಂ ಐದು ಪೇಟೆಗೆ 10 (ಪೇಟೆಗೆ ಎರಡರಂತೆ), 5 ಪರ್ಸೆಂಟ್ ಗಡಿ 18.31. ದಾಟಿತು. ಪಿ-ವ್ಯಾಲ್ಯೂ 0.043. ಶೂನ್ಯ ಊಹೆ ಬಿತ್ತು. ಬೀಳಿಸಿದ್ದು ಹೊನ್ನಾವರ ಒಂದೇ. 18.77ರಲ್ಲಿ 13.8 ಅದರ ಕಾಣಿಕೆ.

ಈಗ ಬೇರೆ ಸನ್ನಿವೇಶ. ಐದೂ ಪೇಟೆಯ ಪಿ-ವ್ಯಾಲ್ಯೂ 0.15. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಗಡಿ ದಾಟುವುದಿಲ್ಲ. ಎಲ್ಲವೂ ಸ್ಟೇಷನರಿ ಕಡೆಗೆ ಸ್ವಲ್ಪ ವಾಲಿವೆ ಅಷ್ಟೇ. ಕೂಡಿಸಿದರೆ 18.97. ಪಿ-ವ್ಯಾಲ್ಯೂ 0.041.

ಒಂದು ಕಡೆ 0.043, ಇನ್ನೊಂದು ಕಡೆ 0.041. ಥೀಸಿಸ್ ಟೇಬಲ್‌ನಲ್ಲಿ ಎರಡಕ್ಕೂ ಅದೇ ಎರಡು ನಕ್ಷತ್ರ, 5 ಪರ್ಸೆಂಟ್ ಗಡಿ ದಾಟಿತು ಅನ್ನುವ ಗುರುತು. ಮೊದಲನೆಯದರಲ್ಲಿ ಒಂದು ಪೇಟೆ ಕೂಗಿದೆ, ನಾಲ್ಕು ಸುಮ್ಮನಿವೆ. ಎರಡನೆಯದರಲ್ಲಿ ಐದೂ ಮೆಲ್ಲಗೆ ಒಂದೇ ಮಾತು ಹೇಳಿವೆ. ಕೂಡಿಸಿದ ಪಿ-ವ್ಯಾಲ್ಯೂ ನೋಡಿ ಇವೆರಡರಲ್ಲಿ ಯಾವುದು ಅಂತ ಹೇಳುವುದು ಸಾಧ್ಯವೇ ಇಲ್ಲ. ಪಿ-ವ್ಯಾಲ್ಯೂ ಎಷ್ಟು ಚಿಕ್ಕದಾದರೂ ಅಷ್ಟೇ. 0.0001 ಬಂದರೆ ‘ಜಾಸ್ತಿ ಪೇಟೆಗಳು ಸ್ಟೇಷನರಿ’ ಅಂತ ಅರ್ಥ ಅಲ್ಲ. ‘ಎಲ್ಲದರಲ್ಲೂ ಯೂನಿಟ್ ರೂಟ್’ ಅನ್ನುವ ಮಾತನ್ನು ನಂಬುವುದು ಇನ್ನೂ ಕಷ್ಟವಾಯಿತು ಅಂತ ಮಾತ್ರ.

ಹಾಗಾದರೆ ಎಲ್‌ಎಲ್‌ಸಿ ಬಳಸಿದರಾಯಿತಲ್ಲ, ಅದರ ಪರ್ಯಾಯ ಊಹೆಯಲ್ಲಿ ‘ಎಲ್ಲವೂ’ ಅಂತಲೇ ಇದೆಯಲ್ಲ ಅಂತ ಕೇಳುವವರಿದ್ದಾರೆ. ಬುದ್ಧಿವಂತ ಪ್ರಶ್ನೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಪರ್ಯಾಯ ಊಹೆಯಲ್ಲಿ ಬರೆದುಕೊಂಡ ಮಾತ್ರಕ್ಕೆ ಪರೀಕ್ಷೆಗೆ ಅದನ್ನು ಸಾಬೀತು ಮಾಡುವ ಶಕ್ತಿ ಬರುವುದಿಲ್ಲ. ಎಲ್‌ಎಲ್‌ಸಿ ಎಲ್ಲಾ ಪೇಟೆಯ ಡೇಟಾವನ್ನು ಒಟ್ಟು ಹಾಕಿ ಒಂದೇ ರೋ ಅಂದಾಜು ಮಾಡುತ್ತದೆ. ಎರಡು ಪೇಟೆಯ ರೋ ಚೆನ್ನಾಗಿ ಕೆಳಗಿದ್ದರೆ ಆ ಒಟ್ಟು ಅಂದಾಜೂ 1ರಿಂದ ಕೆಳಗೆ ಜಾರುತ್ತದೆ. ಶೂನ್ಯ ಊಹೆ ಬೀಳುತ್ತದೆ. ಉಳಿದ ಮೂರು ಪೇಟೆ ಎಲ್ಲಿದ್ದವೋ ಅಲ್ಲೇ ಇವೆ. ಪೆಸರಾನ್ 2012ರಲ್ಲಿ ಈ ವಿಷಯಕ್ಕೆಂದೇ ಒಂದು ಸಣ್ಣ ಲೇಖನ ಬರೆದರು. ಅದರ ಸಾರ ಇದು: ಪ್ಯಾನೆಲ್ ಪರೀಕ್ಷೆಯಲ್ಲಿ ಶೂನ್ಯ ಊಹೆ ಬಿದ್ದರೆ, ಗಮನಿಸಬೇಕಾದಷ್ಟು ಪಾಲು ಸರಣಿಗಳು ಸ್ಟೇಷನರಿ ಅನ್ನುವುದಕ್ಕೆ ಅದು ಪುರಾವೆ. ಪಾಲು ಎಷ್ಟು, ಯಾವುವು ಅನ್ನುವುದನ್ನು ಬೇರೆಯಾಗಿ ಹುಡುಕಬೇಕು.

ತಿರುಗಿಸಿ ಕೇಳಿದರೆ

ಹದ್ರಿ 2000ದಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು. ಅವರ ಪರೀಕ್ಷೆಯ ಶೂನ್ಯ ಊಹೆ: ಎಲ್ಲವೂ ಸ್ಟೇಷನರಿ. ಪರ್ಯಾಯ: ಕೆಲವದರಲ್ಲಾದರೂ ಯೂನಿಟ್ ರೂಟ್ ಇದೆ. ಒಂದೇ ಸರಣಿಗೆ 1992ರಲ್ಲಿ ಬಂದ ಕೆಪಿಎಸ್‌ಎಸ್ ಪರೀಕ್ಷೆಯ ಪ್ಯಾನೆಲ್ ರೂಪ ಇದು. ಐಪಿಎಸ್ ಮಾಡಿ ಅಭ್ಯಾಸವಾದ ಕೈ ಇದನ್ನೂ ಹಾಗೇ ಓದಿಬಿಡುತ್ತದೆ. ಪಿ-ವ್ಯಾಲ್ಯೂ 0.000 ಬಂತು, ಸ್ಟೇಷನರಿ, ಮುಂದಿನ ಅಧ್ಯಾಯ. ಇಲ್ಲಿ 0.000 ಅಂದರೆ ತದ್ವಿರುದ್ಧ.

ಎರಡೂ ಪರೀಕ್ಷೆ ಮಾಡಿದಾಗ ಎರಡರಲ್ಲೂ ಶೂನ್ಯ ಊಹೆ ಬಿದ್ದುಹೋಗುವುದು ತುಂಬಾ ಸಾಮಾನ್ಯ. ಐಪಿಎಸ್ ಪ್ರಕಾರ ‘ಎಲ್ಲದರಲ್ಲೂ ಯೂನಿಟ್ ರೂಟ್ ಇದೆ’ ಅನ್ನುವ ಮಾತು ನಿಲ್ಲುವುದಿಲ್ಲ, ಕೆಲವಾದರೂ ತಪ್ಪಿಸಿಕೊಂಡಿವೆ. ಹದ್ರಿ ಪ್ರಕಾರ ‘ಎಲ್ಲವೂ ಸ್ಟೇಷನರಿ’ ಅನ್ನುವ ಮಾತೂ ನಿಲ್ಲುವುದಿಲ್ಲ. ವಿದ್ಯಾರ್ಥಿ ಗಾಬರಿಯಾಗಿ ‘ಸರ್, ಫಲಿತಾಂಶ ಕ್ಲಾಶ್ ಆಗ್ತಾ ಇದೆ, ಒಂದನ್ನ ತೆಗೆದುಬಿಡ್ಲಾ?’ ಅಂತ ಫೋನ್ ಮಾಡುತ್ತಾನೆ. ತೆಗೆಯುವುದು ಬೇಡ. ಒಂದೇ ಸರಣಿಯಾಗಿದ್ದರೆ ಇದು ನಿಜವಾಗಿಯೂ ಗೋಜಲು. ಒಂದೇ ದರ ಸ್ಟೇಷನರಿ ಹೌದು ಮತ್ತು ಅಲ್ಲ ಎರಡೂ ಆಗಲು ಸಾಧ್ಯವಿಲ್ಲ. ಪ್ಯಾನೆಲ್‌ನಲ್ಲಿ ಮಾತ್ರ ಎರಡೂ ಒಟ್ಟಿಗೆ ನಿಜ ಇರಬಹುದು. ಐದರಲ್ಲಿ ಎರಡು ಸ್ಟೇಷನರಿ, ಮೂರು ಅಲ್ಲ ಅಂತಾದರೆ ಎರಡೂ ಪರೀಕ್ಷೆ ಶೂನ್ಯ ಊಹೆಯನ್ನು ಬೀಳಿಸುವುದೇ ಸಹಜ. ಬೀಳಿಸದಿದ್ದರೆ ಪರೀಕ್ಷೆಗೆ ಶಕ್ತಿ ಸಾಲಲಿಲ್ಲವೇನೋ ಅಂತ ಅನುಮಾನ ಪಡಬೇಕು.

ಹಾಗಂತ ಹದ್ರಿ ಪರೀಕ್ಷೆಯನ್ನು ಪೂರ್ತಿ ನಂಬಿ ಕೂರುವ ಹಾಗೂ ಇಲ್ಲ. ಒಂದು ತಿಂಗಳ ದರ ಮುಂದಿನ ತಿಂಗಳಿಗೆ ಅಂಟಿಕೊಂಡೇ ಬರುವಂಥ ಸರಣಿಗಳಲ್ಲಿ ಅದು ಸುಮ್ನೆ ಸುಮ್ನೆ ಶೂನ್ಯ ಊಹೆಯನ್ನು ತಳ್ಳಿಹಾಕುತ್ತದೆ. ಅಡಿಕೆ ದರ ಅಂಥದ್ದೇ.

ಇನ್ನೊಂದು ಮಗ್ಗುಲು: ಐಪಿಎಸ್‌ನಲ್ಲಿ ಶೂನ್ಯ ಊಹೆ ಬೀಳಲಿಲ್ಲ ಅಂದರೆ ಎಲ್ಲದರಲ್ಲೂ ಯೂನಿಟ್ ರೂಟ್ ಇದೆ ಅಂತ ಆಯಿತಾ? ಇಲ್ಲ. ಬೀಳಿಸುವಷ್ಟು ಪುರಾವೆ ಸಿಗಲಿಲ್ಲ ಅಂತ. ಅಷ್ಟೇ.

ಐದು ಸಾಕ್ಷಿಯೋ, ಒಂದೇ ಸಾಕ್ಷಿಯೋ

ಮೇಲಿನ 0.15ರ ಲೆಕ್ಕದಲ್ಲಿ ಒಂದು ವಿಷಯವನ್ನು ನಾನು ಬೇಕಂತಲೇ ಮುಟ್ಟಲಿಲ್ಲ. ಫಿಶರ್ ಉಪಾಯ ನಡೆಯುವುದು ಐದು ಪೇಟೆ ಒಂದಕ್ಕೊಂದು ಸಂಬಂಧವಿಲ್ಲದೆ ನಡೆದರೆ ಮಾತ್ರ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಾಗೆ ಇದೆಯಾ? ಬೆಳಿಗ್ಗೆ ಶಿರಸಿಯಲ್ಲಿ ಟೆಂಡರ್ ಆದ ರೇಟು ಮಧ್ಯಾಹ್ನದೊಳಗೆ ಸಿದ್ದಾಪುರದ ಎಲ್ಲರ ಮೊಬೈಲ್‌ನಲ್ಲೂ ಇರುತ್ತದೆ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ, 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ, 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ, ಸುದ್ದಿ ಘಟ್ಟದ ಮೇಲೆ ಒಂದು, ಕೆಳಗೆ ಒಂದು ಅಂತ ಬರಲಿಲ್ಲ. ಎಲ್ಲ ಪೇಟೆಗೂ ಒಂದೇ ದಿನ ಬಂತು.

ಐದು ಪೇಟೆ ಪೂರ್ತಿ ಒಟ್ಟಿಗೇ ಕುಣಿಯುತ್ತಿದ್ದರೆ, ಐದು 0.15 ಅಂದರೆ ಐದು ಪುರಾವೆ ಅಲ್ಲ. ಒಂದೇ 0.15ನ್ನು ಐದು ಬಾರಿ ಬರೆದುಕೊಂಡದ್ದು. ಸರಿಯಾದ ಪಿ-ವ್ಯಾಲ್ಯೂ 0.041 ಅಲ್ಲ, 0.15. ಈ ಮೋಸ ಎಷ್ಟು ದೊಡ್ಡದು ಅಂತ ಓ’ಕಾನೆಲ್ 1998ರಲ್ಲಿ ಕರೆನ್ಸಿ ವಿನಿಮಯ ದರಗಳನ್ನು ಹಿಡಿದು ತೋರಿಸಿದರು. ಎಷ್ಟೋ ದೇಶಗಳನ್ನು ಸೇರಿಸಿ ‘ಸ್ಟೇಷನರಿ’ ಅಂದಿದ್ದ ಫಲಿತಾಂಶ, ದೇಶಗಳ ನಡುವಿನ ನಂಟನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ನಿಲ್ಲಲಿಲ್ಲ.

ಇದಕ್ಕೆ ಎಲ್ಲರೂ ಹಚ್ಚುವ ಮೊದಲ ಮುಲಾಮು, ಸರಾಸರಿ ಕಳೆಯುವುದು. ಪ್ರತಿ ತಿಂಗಳ ಐದೂ ಪೇಟೆಯ ಸರಾಸರಿ ತೆಗೆದು, ಪ್ರತಿ ಪೇಟೆಯ ದರದಿಂದ ಅದನ್ನು ಕಳೆದು, ಉಳಿದದ್ದರ ಮೇಲೆ ಪರೀಕ್ಷೆ. ಸಾಫ್ಟ್‌ವೇರ್‌ನಲ್ಲಿ ಒಂದೇ ಆಪ್ಷನ್. ಆದರೆ ಆ ಆಪ್ಷನ್ ಒತ್ತಿದ ಕೂಡಲೇ ಊಹೆಯೇ ಬದಲಾಯಿತು ಅನ್ನುವುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ. ಸರಾಸರಿ 41,500 ಇದ್ದಾಗ ಶಿರಸಿಯಲ್ಲಿ 42,000 ಅಂತ ಇಟ್ಟುಕೊಳ್ಳಿ. ಉಳಿದದ್ದು 500. ಎಲ್ಲ ಕಡೆ ಐದು ಸಾವಿರ ಬಿದ್ದರೂ ಸರಾಸರಿ 36,500, ಶಿರಸಿ 37,000, ಉಳಿಯುವುದು ಅದೇ 500. ತೋಟದವನ ನಿದ್ದೆ ಕೆಡಿಸಿದ ಕುಸಿತ ಡೇಟಾದಲ್ಲೇ ಇಲ್ಲ!

ಈಗ ಪರೀಕ್ಷೆಯಾಗುತ್ತಿರುವುದು ಬೇರೆ ಪ್ರಶ್ನೆ. ಶಿರಸಿ ದರ ಜಿಲ್ಲೆಯ ಸರಾಸರಿಯಿಂದ ದೂರ ಹೋದರೆ ಮತ್ತೆ ಹತ್ತಿರ ಬರುತ್ತದಾ? ಬರುತ್ತದೆ ಅಂತ ಉತ್ತರ ಸಿಕ್ಕರೆ ಆಶ್ಚರ್ಯವಿಲ್ಲ. ದರದಲ್ಲಿ ಅಂತರ ಜಾಸ್ತಿ ಆದರೆ ಮಾಲು ಜೀಪು ಹತ್ತಿ ಆ ಕಡೆ ಹೋಗುತ್ತದೆ. ವ್ಯಾಪಾರಸ್ಥರಿಗೆ, ಮಾರುಕಟ್ಟೆ ಜೋಡಣೆಯ ಬಗ್ಗೆ ಬರೆಯುವವರಿಗೆ ಈ ಉತ್ತರ ಬಹಳ ಉಪಯೋಗ. ಆದರೆ ಅದನ್ನೇ ತೆಗೆದುಕೊಂಡು ‘ಅಡಿಕೆ ದರ ಸ್ಟೇಷನರಿ, ರೈತರು ಮಾಲು ಹಿಡಿದಿಟ್ಟುಕೊಳ್ಳಬಹುದು’ ಅಂತ ಸಲಹೆ ಕೊಟ್ಟರೆ ಅನಾಹುತ. ಮಾಲು ಇಡಬೇಕಾ, ಕೊಡಬೇಕಾ ಅನ್ನುವ ಪ್ರಶ್ನೆಗೆ ಉತ್ತರ ಇರುವುದು ಆ ಸರಾಸರಿಯಲ್ಲಿ. ಅದನ್ನೇ ಕಳೆದು ಹೊರಗೆ ಹಾಕಿಯಾಗಿದೆ.

ಬಾಯ್ ಮತ್ತು ಇಂಗ್ (Ng) 2004ರಲ್ಲಿ ಕೊಟ್ಟ ವಿಧಾನ ನನಗೆ ಇಷ್ಟವಾಗುವುದು ಇದೇ ಕಾರಣಕ್ಕೆ. ಅದು ಡೇಟಾವನ್ನು ಎರಡು ಭಾಗ ಮಾಡುತ್ತದೆ. ಎಲ್ಲ ಪೇಟೆಗೂ ಸಮಾನವಾದ ಅಲೆ ಒಂದು ಕಡೆ, ಪ್ರತಿ ಪೇಟೆಯ ಸ್ವಂತ ಏರುಪೇರು ಇನ್ನೊಂದು ಕಡೆ. ಎರಡಕ್ಕೂ ಬೇರೆ ಬೇರೆ ಯೂನಿಟ್ ರೂಟ್ ಪರೀಕ್ಷೆ. ಸಮಾನ ಅಲೆಯಲ್ಲಿ ಯೂನಿಟ್ ರೂಟ್ ಇದೆ, ಸ್ವಂತ ಏರುಪೇರಿನಲ್ಲಿ ಇಲ್ಲ ಅಂತ ಬಂದರೆ ಓದು ಸುಲಭ: ಪೇಟೆಗಳು ಒಂದನ್ನೊಂದು ಬಿಟ್ಟು ಹೋಗುವುದಿಲ್ಲ, ಆದರೆ ಎಲ್ಲವೂ ಕೂಡಿ ಎಲ್ಲಿಗೆ ಹೋಗುತ್ತವೆ ಅನ್ನುವುದಕ್ಕೆ ಲಂಗರಿಲ್ಲ. ಪೆಸರಾನ್ 2007ರಲ್ಲಿ ಕೊಟ್ಟ ಸಿಐಪಿಎಸ್ ಇದಕ್ಕಿಂತ ಸರಳ. ಪ್ರತಿ ಪೇಟೆಯ ಸಮೀಕರಣಕ್ಕೆ ಎಲ್ಲ ಪೇಟೆಗಳ ಸರಾಸರಿಯನ್ನೂ ಸೇರಿಸಿ, ಒಂದೊಂದು ಪೇಟೆ ಸಮಾನ ಅಲೆಗೆ ಒಂದೊಂದು ಪ್ರಮಾಣದಲ್ಲಿ ಸ್ಪಂದಿಸಲು ಅವಕಾಶ ಕೊಡುತ್ತದೆ. ಊಹೆಗಳ ರೂಪ ಐಪಿಎಸ್‌ನದ್ದೇ, ‘ಎಲ್ಲವೂ’ ಮತ್ತು ‘ಕೆಲವು’.

ಸಣ್ಣ ವಿಷಯ ಒಂದೆರಡು ಇವೆ, ಬೇಗ ಹೇಳಿಬಿಡುತ್ತೇನೆ. ಟ್ರೆಂಡ್ ಹಾಕಿದರೆ ‘ಸ್ಟೇಷನರಿ’ ಅಂದರೆ ಒಂದು ಏರುವ ಗೆರೆಯ ಸುತ್ತ ಸ್ಟೇಷನರಿ ಅಂತ, ಒಂದೇ ಮಟ್ಟದ ಸುತ್ತ ಅಲ್ಲ. ಅದನ್ನು ಬರೆಯಬೇಕು. ಮಧ್ಯದಲ್ಲಿ ದರದ ಮಟ್ಟವೇ ಒಮ್ಮೆಗೆ ಬದಲಾಗಿದ್ದರೆ, ಸ್ಟೇಷನರಿ ಸರಣಿಯೂ ಯೂನಿಟ್ ರೂಟ್ ಇದ್ದಂತೆ ಕಾಣುತ್ತದೆ ಅಂತ ಪೆರಾನ್ 1989ರಲ್ಲಿ ತೋರಿಸಿದ್ದಾರೆ. ಡೇಟಾದಲ್ಲಿ ತೂತು ಇದ್ದರೂ ಪರೀಕ್ಷೆಯ ಆಯ್ಕೆ ಬದಲಾಗುತ್ತದೆ. ಕಾರವಾರದ ಬಂಗಡೆ ದರ ತೆಗೆದುಕೊಂಡರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆ ಎರಡು ತಿಂಗಳು ಬೋಟಿನ ಮೀನಿನ ದರವೇ ಇರುವುದಿಲ್ಲ. ಎಲ್‌ಎಲ್‌ಸಿಗೆ ಎಲ್ಲ ಸರಣಿಯೂ ಒಂದೇ ಉದ್ದ, ತೂತಿಲ್ಲದೆ ಇರಬೇಕು. ಐಪಿಎಸ್, ಫಿಶರ್ ವಿಧಾನಗಳು ಸರಣಿಗಳ ಉದ್ದ ಹೆಚ್ಚುಕಡಿಮೆ ಇದ್ದರೆ ತಕರಾರು ಮಾಡುವುದಿಲ್ಲ.

ಯಾವ ಪೇಟೆ ಅಂತ ಹುಡುಕುವುದು

ಶೂನ್ಯ ಊಹೆ ಬಿತ್ತು. ಮುಂದೆ? ಒಂದು ಹಾದಿ ಕೋರ್ಟರೇಯಸ್ ಮತ್ತು ಕಪೆಟಾನಿಯೋಸ್ 2009ರಲ್ಲಿ ಹೇಳಿದ್ದು. ಸ್ಟೇಷನರಿ ಅನ್ನಲು ಅತಿ ಗಟ್ಟಿ ಪುರಾವೆ ಇರುವ ಸರಣಿಯನ್ನು ಹೊರಗೆ ತೆಗೆಯಿರಿ. ಉಳಿದದ್ದರ ಮೇಲೆ ಮತ್ತೆ ಪರೀಕ್ಷೆ ಮಾಡಿ. ಶೂನ್ಯ ಊಹೆ ಬೀಳುವುದು ನಿಲ್ಲುವವರೆಗೆ ಹೀಗೇ.

ನಮ್ಮ ಮೊದಲ ಸನ್ನಿವೇಶದಲ್ಲಿ ಹೊನ್ನಾವರ ತೆಗೆದರೆ ಉಳಿದ ನಾಲ್ಕರ ಮೊತ್ತ 4.95, ಗಡಿ 15.51. ಹತ್ತಿರಕ್ಕೂ ಬರಲಿಲ್ಲ. ಪಿ-ವ್ಯಾಲ್ಯೂ 0.76. ಅಲ್ಲಿಗೆ ಚಿತ್ರ ಸ್ಪಷ್ಟ: ಹೊನ್ನಾವರ ಒಂದೇ. ಎರಡನೇ ಸನ್ನಿವೇಶದಲ್ಲಿ ಯಾವುದಾದರೂ ಒಂದು ಪೇಟೆ ತೆಗೆದರೆ ಉಳಿದ ನಾಲ್ಕರ ಮೊತ್ತ 15.18. ಗಡಿಗೆ ಕೂದಲೆಳೆ ಕಡಿಮೆ, ಪಿ-ವ್ಯಾಲ್ಯೂ 0.056. ನಿಯಮದ ಪ್ರಕಾರ ಇಲ್ಲೂ ‘ಒಂದೇ ಪೇಟೆ ಸ್ಟೇಷನರಿ’ ಅನ್ನಬೇಕು. ಯಾವ ಪೇಟೆ ಅಂತ ಕೇಳಿದರೆ ಉತ್ತರ ಇಲ್ಲ, ಐದೂ ಒಂದೇ ತರ ಇವೆ. ಯಂತ್ರದ ಹಾಗೆ ನಿಯಮ ಪಾಲಿಸಿದರೆ ಇಂಥ ನಗೆಪಾಟಲು ಆಗುತ್ತದೆ. ಆದ್ದರಿಂದ ಬಿಡಿ ಪೇಟೆಗಳ ಪಿ-ವ್ಯಾಲ್ಯೂ ಟೇಬಲ್ ಕೂಡ ಥೀಸಿಸ್‌ನಲ್ಲಿ ಇರಲೇಬೇಕು. ಅನುಬಂಧದಲ್ಲಿ ಅಲ್ಲ, ಅದೇ ಪುಟದಲ್ಲಿ.

ರಾಜ್ಯದ 40 ಪೇಟೆ ತೆಗೆದುಕೊಂಡು ಮಾಡುವವರಿಗೆ ಇನ್ನೊಂದು ಒರಟು ಲೆಕ್ಕ ಸಿಗುತ್ತದೆ. ಎಲ್ಲದರಲ್ಲೂ ಯೂನಿಟ್ ರೂಟ್ ಇದ್ದರೂ 5 ಪರ್ಸೆಂಟ್ ಮಟ್ಟದಲ್ಲಿ ಸುಮಾರು ಎರಡು ಪೇಟೆ ಆಕಸ್ಮಿಕವಾಗಿ ಗಡಿ ದಾಟುತ್ತವೆ. ಮೂರು ದಾಟಿದ್ದರೆ ಹೇಳಿಕೊಳ್ಳುವಂಥದ್ದೇನಲ್ಲ. ಹದಿನಾಲ್ಕು ದಾಟಿದ್ದರೆ ಮಾತು ಬೇರೆ. ಆಗ ‘ಮೂರರಲ್ಲಿ ಒಂದು ಪಾಲಿನಷ್ಟು ಪೇಟೆಗಳಲ್ಲಿ’ ಅಂತ ಧೈರ್ಯವಾಗಿ ಬರೆಯಬಹುದು.

ಜಿಲ್ಲೆಯ ಐದೇ ಪೇಟೆ ಇಟ್ಟುಕೊಂಡವರಿಗೆ ಪಾಲಿನ ಮಾತೇ ಅಷ್ಟು ಹೊಂದುವುದಿಲ್ಲ. ಐಪಿಎಸ್‌ನ ಸಿದ್ಧಾಂತ ನಿಂತಿರುವುದು ಪೇಟೆಗಳ ಸಂಖ್ಯೆ ದೊಡ್ಡದು ಅನ್ನುವುದರ ಮೇಲೆ. ಐದಕ್ಕೆ ಅದು ಎಳೆದು ಹೊಂದಿಸಿದ ಹಾಗೆ. ಅಂಥವರಿಗೆ ನಾನು ಹೇಳುವುದು: ಮಾಸಿಕ ಸರಣಿಯನ್ನು ಎಷ್ಟು ಹಿಂದಕ್ಕೆ ಸಿಗುತ್ತದೋ ಅಷ್ಟು ಹಿಂದಕ್ಕೆ ಉದ್ದ ಮಾಡಿ, ಪೇಟೆಗಳ ನಡುವಿನ ನಂಟನ್ನು ಮೊದಲು ಅಳೆಯಿರಿ, ಐದು ಪೇಟೆಯನ್ನೂ ಬಿಡಿಯಾಗಿ ಪರೀಕ್ಷಿಸಿ, ಪ್ಯಾನೆಲ್ ಪರೀಕ್ಷೆಯನ್ನು ಜೊತೆಗಿಡಿ. ಆಮೇಲೆ ವಾಕ್ಯ ಹೀಗಿರಲಿ: ‘ಐದೂ ಪೇಟೆಗಳ ಚಾಲಿ ದರದಲ್ಲಿ ಯೂನಿಟ್ ರೂಟ್ ಇದೆ ಅನ್ನುವ ಊಹೆಯನ್ನು 5 ಪರ್ಸೆಂಟ್ ಮಟ್ಟದಲ್ಲಿ ತಳ್ಳಿಹಾಕಬಹುದು. ಬಿಡಿ ಪರೀಕ್ಷೆಗಳ ಪ್ರಕಾರ ಈ ಫಲಿತಾಂಶ ಮುಖ್ಯವಾಗಿ ಹೊನ್ನಾವರದಿಂದ ಬಂದಿದೆ. ಉಳಿದ ನಾಲ್ಕರಲ್ಲಿ ಯೂನಿಟ್ ರೂಟನ್ನು ತಳ್ಳಿಹಾಕುವಷ್ಟು ಪುರಾವೆ ಇಲ್ಲ.’ ಉದ್ದವಾಯಿತು ಅಂತ ಗೈಡ್ ಗೊಣಗಬಹುದು. ಗೊಣಗಲಿ, ವೈವಾದಲ್ಲಿ ಹೊರಗಿನ ಪರೀಕ್ಷಕರು ಮೊದಲು ಕೇಳುವ ‘ಉಳಿದ ಪೇಟೆಗಳ ಕಥೆ ಏನು?’ ಅನ್ನುವ ಪ್ರಶ್ನೆಗೆ ಉತ್ತರ ಆ ಮೂರನೇ ವಾಕ್ಯದಲ್ಲಿದೆ.